ಮಳೆಗಾಲದಲ್ಲಿ ನಡಿಗೆ ನಿಲ್ಲಬಾರದು ಎಂದು ಟ್ರೆಡ್‌ಮಿಲ್ ಕಲಿತದ್ದು

ಕಾರವಾರದಲ್ಲಿ ಜೂನ್ ಬಂತು ಅಂದ್ರೆ ವಾಕಿಂಗ್ ಮುಗಿಯಿತು. ಟಾಗೋರ್ ಕಡಲತೀರದಲ್ಲಿ ಬೆಳಗಿನ ಜಾವ ನಡೆಯುವವರೆಲ್ಲ ಒಬ್ಬೊಬ್ಬರಾಗಿ ಮನೆ ಸೇರುತ್ತಾರೆ. ಅಲೆ ಮೇಲೆ ಬರುತ್ತದೆ, ಮರಳು ಕೊಚ್ಚಿ ಹೋಗುತ್ತದೆ. ಹೆದ್ದಾರಿ ಬದಿಯಲ್ಲಿ ನಡೆಯೋಣ ಎಂದರೆ ಲಾರಿಗಳು ಎರಚುವ ನೀರು, ಗುಂಡಿ ಎಲ್ಲಿದೆ ಎಂದು ಕಾಣುವುದೂ ಇಲ್ಲ. ಕೊಡೆ ಹಿಡಿದು ಕೆಸರು ತಪ್ಪಿಸುತ್ತಾ ಹೋದರೆ ಮಾರ್ಕೆಟ್ ತಲುಪಬಹುದು, ಬೆವರು ಬರುವ ಹಾಗೆ ನಡೆಯಲು ಆಗುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ಇದು. ನನ್ನ ತವರು ಶಿರಸಿ ಕಡೆ. ಅಲ್ಲೂ ಇದೇ ಕಥೆ, ಜೊತೆಗೆ ಉಂಬಳದ ಕಾಟ ಬೇರೆ.

ನನಗೆ 54 ವರ್ಷ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಬೇಸಿಗೆಯಲ್ಲಿ 7ರ ಆಸುಪಾಸು ಇರುತ್ತಿತ್ತು. ಮಳೆಗಾಲ ಮುಗಿದು ನೋಡಿದರೆ 7.8. ಗುಳಿಗೆ ಅದೇ, ಊಟ ಹೆಚ್ಚು ಕಡಿಮೆ ಅದೇ. ನಿಂತದ್ದು ನಡಿಗೆ ಮಾತ್ರ.

"ನಾಲ್ಕು ತಿಂಗಳು ಸುಮ್ನೆ ಕೂತರೆ ಉಳಿದ ಎಂಟು ತಿಂಗಳ ಕಷ್ಟ ನೀರಿಗೆ ಹೋಗ್ತದೆ. ಟ್ರೆಡ್‌ಮಿಲ್ ಮೇಲೆ ನಡೆಯಿರಿ" ಎಂದರು ನಮ್ಮ ಡಾಕ್ಟರು. ನಾನು ತಲೆಯಾಡಿಸಿ ಎದ್ದೆ. "ಕೂತ್ಕೊಳ್ಳಿ, ಮುಗಿದಿಲ್ಲ" ಎಂದು ಇನ್ನೂ ಕೆಲವು ಪ್ರಶ್ನೆ ಕೇಳಿದರು. ಮಹಡಿ ಹತ್ತುವಾಗ ಏದುಸಿರು ಬರುತ್ತದೆಯೇ? ಎದೆ ಬಿಗಿಯುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ? ಶಾಲೆಯ ಎರಡನೇ ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ನಮ್ಮ ಅಪ್ಪನಿಗೆ ಹೃದಯಾಘಾತ ಆಗಿತ್ತು. "ಹಾಗಾದರೆ ಮೊದಲು ಒಂದು ಟಿಎಂಟಿ ಮಾಡಿಸಿ" ಎಂದರು.

ನಮ್ಮ ಕಡೆ ಎಷ್ಟೋ ಜನ ಟ್ರೆಡ್‌ಮಿಲ್ ಮೇಲೆ ಮೊದಲು ಕಾಲಿಡುವುದು ಆಸ್ಪತ್ರೆಯಲ್ಲೇ. ಟಿಎಂಟಿ ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ತೆಗೆಯುವ ಪರೀಕ್ಷೆ. ಬರೀ ವಾಕಿಂಗ್ ಮಾಡುವವರಿಗೆಲ್ಲ ಇದು ಬೇಕಾಗಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೃದಯಕ್ಕೆ ರಕ್ತ ಕಡಿಮೆಯಾದರೂ ನೋವು ಗೊತ್ತಾಗದೇ ಇರಬಹುದು. ಏದುಸಿರು ಒಂದೇ ಸೂಚನೆ ಆಗಿರಬಹುದು. ಅದಕ್ಕೇ ನನಗೆ ಬೇಕು ಎಂದದ್ದು.

ಪರೀಕ್ಷೆಗೆ ಎರಡು ಮೂರು ಗಂಟೆ ಮೊದಲೇ ತಿನ್ನುವುದು ನಿಲ್ಲಿಸಲು ಹೇಳಿದ್ದರು. ಎದೆಗೆ ಅಲ್ಲಲ್ಲಿ ಇಸಿಜಿ ವೈರು ಅಂಟಿಸಿದರು, ತೋಳಿಗೆ ಬಿಪಿ ಪಟ್ಟಿ ಕಟ್ಟಿದರು. ಪಕ್ಕದಲ್ಲೇ ಡಾಕ್ಟರು, ಒಬ್ಬ ಸಿಸ್ಟರ್. ಮೊದಲ ಮೂರು ನಿಮಿಷ ವೇಗ ಗಂಟೆಗೆ ಬರೀ 2.7 ಕಿಲೋಮೀಟರ್. ನಾನು ಅಡುಗೆಮನೆಯಲ್ಲಿ ಓಡಾಡುವುದು ಇದಕ್ಕಿಂತ ಜೋರು. ಆದರೆ ಏರು ನೂರಕ್ಕೆ 10, ಅಂದರೆ ನೂರು ಮೀಟರ್ ಮುಂದೆ ಹೋದರೆ ಹತ್ತು ಮೀಟರ್ ಮೇಲೆ ಹತ್ತಿದ ಲೆಕ್ಕ. ಮುಂದಿನ ಮೂರು ನಿಮಿಷ 4 ಕಿಲೋಮೀಟರ್, ಏರು 12. ಆಮೇಲೆ ಸುಮಾರು ಐದೂವರೆ ಕಿಲೋಮೀಟರ್, ಏರು 14. ಈ ಕ್ರಮ ರಾಬರ್ಟ್ ಬ್ರೂಸ್ ಎಂಬ ಅಮೆರಿಕದ ಹೃದಯತಜ್ಞರದು. 1963ರಲ್ಲಿ ಪ್ರಕಟವಾದದ್ದು ಇಂದಿಗೂ ನಡೆಯುತ್ತಿದೆ.

ಎರಡನೇ ಹಂತ ಮುಗಿಯುವ ಹೊತ್ತಿಗೆ ಉಸಿರು ಮೇಲೆ ಬಂದಿತ್ತು. ಮೂರನೆಯದರಲ್ಲಿ ಮಾತು ನಿಂತಿತು. 220ರಿಂದ ವಯಸ್ಸು ಕಳೆದರೆ ಬರುವುದು ಹೃದಯ ಬಡಿತದ ಅಂದಾಜು ಮೇಲ್ಮಿತಿ. ನನಗೆ 166. ಅದರ ನೂರಕ್ಕೆ 85, ಅಂದರೆ 141 ಮುಟ್ಟುವುದು ಅವರ ಗುರಿ. ಮುಟ್ಟಿತು. ಯಂತ್ರ ನಿಧಾನ ಮಾಡಿ ನಿಲ್ಲಿಸಿದರು, ಮಲಗಿಸಿ ಇನ್ನೂ ಕೆಲವು ನಿಮಿಷ ಇಸಿಜಿ ನೋಡಿದರು. ತೊಂದರೆ ಇಲ್ಲ, ಅಭ್ಯಾಸ ತಪ್ಪಿದ್ದರಿಂದ ಬರುವ ಏದುಸಿರು ಎಂದರು. ಆ ಒಂದು ಮಾತಿಗೇ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿತು.

ಅವತ್ತು ಇನ್ನೊಂದು ವಿಷಯ ಮನಸ್ಸಿಗೆ ಬಂತು. ಅವರು ನನ್ನನ್ನು ಓಡಿಸಲೇ ಇಲ್ಲ. ಬರೀ ನಡೆಸಿ, ಏರು ಹೆಚ್ಚಿಸಿ, ಹೃದಯವನ್ನು 141ಕ್ಕೆ ಏರಿಸಿದರು. ಹಾಗಾದರೆ ನನ್ನ ವ್ಯಾಯಾಮಕ್ಕೂ ವೇಗ ಬೇಕಾಗಿಲ್ಲ ಅಲ್ವಾ?

ಹಬ್ಬುವಾಡ ಕಡೆಯ ಒಂದು ಜಿಮ್‌ಗೆ ಸೇರಿದೆ. ಅಲ್ಲಿ ಕಲಿಸುವ ಹುಡುಗ ಅಂಕೋಲೆಯವನು. ನಾನು ಶಾಲೆಯವಳು ಎಂದು ಗೊತ್ತಾದ ದಿನದಿಂದ "ಅಕ್ಕೋರೇ" ಎಂದೇ ಕರೆಯುತ್ತಾನೆ. ಒಳ್ಳೆಯ ಮೇಷ್ಟ್ರಿಗೆ ಇರಬೇಕಾದ ಗುಣ ಅವನಲ್ಲಿದೆ: ಒಂದು ದಿನಕ್ಕೆ ಒಂದೇ ವಿಷಯ ಹೇಳುತ್ತಾನೆ, ಅದು ಬರುವ ತನಕ ಬಿಡುವುದಿಲ್ಲ.

ಮೊದಲ ದಿನ ಹತ್ತುವುದು, ಇಳಿಯುವುದು ಅಷ್ಟೇ. ಬೆಲ್ಟ್‌ನ ಎರಡೂ ಬದಿಗೆ ಅಲುಗಾಡದ ಪಟ್ಟಿ ಇರುತ್ತದೆ. ಮೊದಲು ಅದರ ಮೇಲೆ ಒಂದೊಂದು ಕಾಲು ಇಟ್ಟು ನಿಲ್ಲಬೇಕು. ಕೆಂಪು ದಾರದ ಸೇಫ್ಟಿ ಕೀಲಿಯ ಕ್ಲಿಪ್ಪನ್ನು ಬಟ್ಟೆಗೆ, ಸೊಂಟದ ಹತ್ತಿರ, ಗಟ್ಟಿಯಾಗಿ ಸಿಕ್ಕಿಸಬೇಕು. ನಾವು ಹಿಂದಕ್ಕೆ ಜಾರಿದರೆ ದಾರ ಎಳೆದು ಕೀಲಿ ಕಿತ್ತು ಬರುತ್ತದೆ, ಬೆಲ್ಟ್ ನಿಲ್ಲುತ್ತದೆ. ಇದನ್ನು ಹ್ಯಾಂಡಲ್‌ಗೆ ಸುತ್ತಿ ಬಿಡುವವರೇ ಜಾಸ್ತಿ. ಅವನು ನನ್ನ ಕೀಲಿಯನ್ನು ಎಳೆಸಿ, ಬೆಲ್ಟ್ ನಿಲ್ಲುವುದನ್ನು ಕಣ್ಣಾರೆ ತೋರಿಸಿದ. ಅದಾದ ಮೇಲೆ ಕೀಲಿ ಹಾಕದೆ ನಡೆಯಲು ನನಗೆ ಮನಸ್ಸೇ ಬರುವುದಿಲ್ಲ.

ಕೀಲಿ ಆದ ಮೇಲೆ ಬೆಲ್ಟ್ ಶುರು ಮಾಡಬೇಕು. ಅದು ಅತಿ ನಿಧಾನದಲ್ಲಿ, ಗಂಟೆಗೆ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ತಿರುಗುತ್ತಿರುವಾಗ ಕಾಲಿಡಬೇಕು. ನಿಂತ ಬೆಲ್ಟ್ ಮೇಲೆ ನಿಂತುಕೊಂಡು ಗುಂಡಿ ಒತ್ತುವುದು ಬೇಡ. ಹಿಂದೆ ಬಳಸಿದವರು ಏನು ವೇಗ ಇಟ್ಟಿದ್ದರೋ ನಮಗೆ ಗೊತ್ತಿರುವುದಿಲ್ಲ. ಇಳಿಯುವಾಗ ಬೆಲ್ಟ್ ಪೂರ್ತಿ ನಿಲ್ಲಬೇಕು. ನಡುವೆ ಎಡವಿದ ಹಾಗಾದರೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಕಾಲನ್ನು ಬದಿ ಪಟ್ಟಿಗೆ ತರುವುದು. ನಡೆಯುತ್ತಿರುವ ಬೆಲ್ಟ್‌ನಿಂದ ಹಿಂದಕ್ಕೆ ಹಾರುವುದು ಯಾವತ್ತೂ ಇಲ್ಲ. ಇದನ್ನು ನಿಧಾನದ ವೇಗದಲ್ಲಿ ಮತ್ತೆ ಮತ್ತೆ ಮಾಡಿಸಿದ. ಇವತ್ತು ನಿದ್ದೆಗಣ್ಣಿನಲ್ಲೂ ಕಾಲು ಬದಿಗೆ ಹೋಗುತ್ತದೆ.

ಉಡುಪಿನ ಬಗ್ಗೆ ಹೆಣ್ಣುಮಕ್ಕಳಿಗೆ ಒಂದು ಮಾತು. ಸೀರೆ ಉಟ್ಟು ಹತ್ತಬೇಡಿ. ಮನೆಯಲ್ಲೇ ಇದೆ, ಹತ್ತು ನಿಮಿಷ ತಾನೇ ಅನ್ನಬೇಡಿ. ಸೆರಗಾಗಲಿ ದುಪಟ್ಟಾ ಆಗಲಿ ಬೆಲ್ಟ್ ಮತ್ತು ರೋಲರ್ ನಡುವೆ ಸಿಕ್ಕಿದರೆ ಯಂತ್ರ ಎಳೆದುಕೊಳ್ಳುತ್ತದೆ. ಕಾಲಿನ ಹತ್ತಿರ ಬಿಗಿ ಇರುವ ಪ್ಯಾಂಟು, ಸೊಂಟ ಮುಚ್ಚುವಷ್ಟು ಉದ್ದದ ಅಂಗಿ ಸಾಕು. ಉದ್ದ ಜಡೆ ಇದ್ದರೆ ಮೇಲೆ ಕಟ್ಟುವುದು. ನಾಚಿಕೆ ಆಗುತ್ತದೆ ಎನ್ನುವವರಿಗೆ ನಾನು ಹೇಳುವುದು, ಮೊದಲ ವಾರ ಮಾತ್ರ.

ಬರಿಗಾಲೂ ಬೇಡ, ಚಪ್ಪಲಿಯೂ ಬೇಡ. ಶೂ ಬೇಕು, ಅದೂ ಬೇರೆಯದೇ ಜೋಡಿ. ಬೀಚಿಗೆ ಹಾಕಿ ಹೋದ ಶೂನಲ್ಲಿ ಮರಳು ಇದ್ದೇ ಇರುತ್ತದೆ. ಆ ಮರಳು ಬೆಲ್ಟ್‌ನ ಅಡಿ ಸೇರಿದರೆ ಹಲಗೆಯನ್ನು ಉಜ್ಜಿ ಹಾಳು ಮಾಡುತ್ತದೆ. ಕಾರವಾರದ ಜಿಮ್ಮಿನ ಹುಡುಗ ಬಾಗಿಲಲ್ಲೇ ಶೂ ತಿರುಗಿಸಿ ನೋಡುವುದು ಇದಕ್ಕೇ.

ಇನ್ನು ಹ್ಯಾಂಡಲ್ ವಿಷಯ. ನನಗೆ ಇಡೀ ಕಲಿಕೆಯ ಜೀವಾಳ ಇದೇ ಅನ್ನಿಸುತ್ತದೆ. ಹೊಸಬರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹತ್ತುವಾಗ, ಇಳಿಯುವಾಗ, ವೇಗ ಬದಲಿಸುವಾಗ ಹಿಡಿಯಲೇಬೇಕು. ನಡೆಯುತ್ತಿರುವಾಗ ಬಿಡಬೇಕು. ಹಿಡಿದು ನಡೆದರೆ ಮೈಭಾರ ಕೈಗೆ ಹೋಗುತ್ತದೆ, ಸೊಂಟ ಬಾಗುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಕಾಲು ಮಾಡಬೇಕಾದ ಕೆಲಸ ಕಡಿಮೆಯಾಗುತ್ತದೆ. ಪರದೆ ಮೇಲೆ ಕಾಣುವ ಕ್ಯಾಲೊರಿ ಮಾತ್ರ ಕಡಿಮೆಯಾಗುವುದಿಲ್ಲ. ಯಂತ್ರ ವೇಗ, ಏರು, ತೂಕ ನೋಡಿ ಅಂದಾಜು ಹೇಳುತ್ತದೆ ಅಷ್ಟೇ, ನಾವು ಜೋತು ಬಿದ್ದಿದ್ದೇವೆ ಎಂದು ಅದಕ್ಕೆ ಹೇಗೆ ಗೊತ್ತು? ಜಿಮ್ಮಿನಲ್ಲಿ ಏರು 12 ಇಟ್ಟು, ಮುಂದಿನ ಕಂಬಿಗೆ ನೇತಾಡಿಕೊಂಡು ನಡೆಯುವ ತರುಣರನ್ನು ನೋಡಿದರೆ ನನಗೆ ಕೆಡುಕೆನಿಸುತ್ತದೆ. ಅಷ್ಟು ಬೆವರು ಸುರಿಸುತ್ತಾರೆ, ಫಲದಲ್ಲಿ ಪಾಲು ಕೈಗೆ ಹೋಗುತ್ತದೆ.

"ಅಕ್ಕೋರೇ, ಕೈ ಬಿಟ್ಟು ನಡೆಯಲು ಆಗದಷ್ಟು ವೇಗ ನಿಮ್ಮ ವೇಗ ಅಲ್ಲ" ಎಂದ ಆ ಹುಡುಗ. ಹಾಗಾಗಿ ನನ್ನ ವೇಗ 3.2ಕ್ಕೆ ಇಳಿಯಿತು. ಅಲ್ಲಿಂದ ಕೈ ಬೀಸುತ್ತಾ, ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ 4.5ಕ್ಕೆ ತಂದೆ. ತೋಲ ತಪ್ಪುವವರಿಗೆ, ಮಂಡಿ ಬಲ ಇಲ್ಲದವರಿಗೆ ಹ್ಯಾಂಡಲ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರು ಬೆರಳ ತುದಿ ತಾಗಿಸಿಟ್ಟುಕೊಂಡರೂ ಒಳ್ಳೆಯದೇ. ಬೀಳುವುದಕ್ಕಿಂತ ಹಿಡಿಯುವುದು ಮೇಲು.

ಕಣ್ಣು ಎದುರಿಗೆ ಇರಬೇಕು. ಕಾಲು ನೋಡಿದರೆ ಕತ್ತು ಬಾಗುತ್ತದೆ, ತಲೆ ಸುತ್ತುತ್ತದೆ. ಮೊಬೈಲ್ ನೋಡುವುದಂತೂ ಬೇಡವೇ ಬೇಡ. ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ. ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಕಿವಿಗೇ ತಿಳಿಯುತ್ತದೆ. ದಪ್ ದಪ್ ಎಂದು ಜೋರು ಸದ್ದು ಬಂದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ. ಮಂಡಿ ನೋವಿಗೆ ಅದೇ ಮೂಲ ಆಗಬಹುದು.

ಇಷ್ಟು ಕೈವಶ ಆದ ಮೇಲೆ ನಿಜವಾದ ವ್ಯಾಯಾಮ ಶುರು. ಮೊದಲ ಐದು ನಿಮಿಷ ಸಮತಟ್ಟಿನಲ್ಲಿ ನಿಧಾನ. ಬೆಳಿಗ್ಗೆ ಎದ್ದ ಕೂಡಲೇ ಆದರೆ ಎಂಟು ನಿಮಿಷ, ಮಳೆಗಾಲದ ತಂಪಿನಲ್ಲಿ ಕೀಲು ಸಡಿಲ ಆಗಲು ಹೊತ್ತು ಬೇಕು. ಆಮೇಲೆ ವೇಗ 4.5ರಲ್ಲೇ ಇಟ್ಟು ಏರು ಹೆಚ್ಚಿಸುತ್ತೇನೆ. 1, 2, ಆಮೇಲೆ 4. ಇದರ ಹಿಂದೆ ಲೆಕ್ಕ ಇದೆ. ನಡಿಗೆಗೆ ದೇಹ ಎಷ್ಟು ಆಮ್ಲಜನಕ ಬಳಸುತ್ತದೆ ಎಂದು ಅಂದಾಜು ಮಾಡುವ ಸೂತ್ರವೊಂದನ್ನು ವ್ಯಾಯಾಮ ತಜ್ಞರು ಬಳಸುತ್ತಾರೆ. ಅದರ ಪ್ರಕಾರ 4.5 ಕಿಲೋಮೀಟರ್ ವೇಗದಲ್ಲಿ ಸಮತಟ್ಟಿಗಿಂತ ಏರು 4ರಲ್ಲಿ ಬೇಕಾಗುವ ಆಮ್ಲಜನಕ ಸುಮಾರು ಒಂದೂವರೆ ಪಟ್ಟು. ಅಷ್ಟೇ ಶ್ರಮವನ್ನು ವೇಗದಿಂದ ತರಬೇಕೆಂದರೆ ಓಟದ ಹತ್ತಿರ ಹೋಗಬೇಕು. ಓಡುವಾಗ ಎರಡೂ ಕಾಲು ನೆಲ ಬಿಟ್ಟು ಮತ್ತೆ ಬೀಳುತ್ತವೆ, ಮಂಡಿಗೆ ಪೆಟ್ಟು ಜಾಸ್ತಿ. ಏರಿನ ನಡಿಗೆಯಲ್ಲಿ ಆ ಪೆಟ್ಟಿಲ್ಲ. ದೇವಿಮನೆ ಘಟ್ಟದ ರಸ್ತೆಯಲ್ಲಿ ನಡೆದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರಿಗೂ ಮಿತಿ ಇದೆ. ಬಹಳ ಹೊತ್ತು ಕಡಿದಾದ ಏರಿನಲ್ಲಿ ನಡೆದರೆ ಮೀನಖಂಡ ಬಿಗಿಯುತ್ತದೆ, ಹಿಮ್ಮಡಿ ಮೇಲಿನ ನರದಂಥ ಗಟ್ಟಿ ಭಾಗ ಎಳೆಯುತ್ತದೆ, ಕೆಳಬೆನ್ನು ನೋಯುತ್ತದೆ. ನಾನು 6 ದಾಟುವುದಿಲ್ಲ, ಅದೂ ಎರಡು ನಿಮಿಷ ಏರು, ಎರಡು ನಿಮಿಷ ಸಮತಟ್ಟು ಹೀಗೆ ಬಿಟ್ಟು ಬಿಟ್ಟು. ಹಿಮ್ಮಡಿ ಹಿಂದೆ ಬೆಳಿಗ್ಗೆ ಎದ್ದಾಗ ನೋವಿದ್ದರೆ ಅವತ್ತು ಪೂರ್ತಿ ಸಮತಟ್ಟು.

ಎಷ್ಟು ಶ್ರಮ ಸಾಕು ಎನ್ನುವುದಕ್ಕೆ ನನ್ನ ಅಳತೆ ಉಸಿರು. ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆದರೆ ಏರು ಹೆಚ್ಚಿಸಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಇಳಿಸಬೇಕು. ನಾನು ಪಾಠದ ಒಂದು ವಾಕ್ಯವನ್ನು ಮೆಲ್ಲಗೆ ಹೇಳಿಕೊಂಡು ನೋಡುತ್ತೇನೆ. ನಾಡಿ ಲೆಕ್ಕದಲ್ಲಿ ಈ ಮಧ್ಯಮ ಶ್ರಮ ಮೇಲ್ಮಿತಿಯ ನೂರಕ್ಕೆ 64ರಿಂದ 76, ಅಂದರೆ ನನಗೆ 106ರಿಂದ 126. ಆದರೆ 220ರ ಸೂತ್ರ ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಹ್ಯಾಂಡಲ್ ಮೇಲಿನ ಲೋಹದ ಪಟ್ಟಿ ಬೆವರಿದ ಕೈಗೆ ತಪ್ಪು ಲೆಕ್ಕ ತೋರಿಸುವುದೂ ಉಂಟು. ಉಸಿರು ಸುಳ್ಳು ಹೇಳುವುದು ಕಡಿಮೆ.

ಸಮಾಜ ವಿಜ್ಞಾನದವಳಾದ್ದರಿಂದ ಇದರ ಚರಿತ್ರೆ ಓದಿದೆ. 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಜೈಲಿಗಾಗಿ ಕಾಲಲ್ಲಿ ತುಳಿದು ತಿರುಗಿಸುವ ದೊಡ್ಡ ಚಕ್ರ ಮಾಡಿದ. ಕೈದಿಗಳು ಅದರ ಮೆಟ್ಟಿಲನ್ನು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕಿತ್ತು, ಅದು ಅವರ ಶಿಕ್ಷೆ. ಅಲ್ಲಿ ವೇಗ ಕೈದಿಯ ಕೈಯಲ್ಲಿ ಇರಲಿಲ್ಲ. ನಮ್ಮ ಟ್ರೆಡ್‌ಮಿಲ್‌ನಲ್ಲಿ ಗುಂಡಿ ನಮ್ಮ ಬೆರಳ ಕೆಳಗೇ ಇದೆ. ಆದರೂ ಪಕ್ಕದವರ ಪರದೆ ನೋಡಿ ವೇಗ ಏರಿಸುವವರನ್ನು ದಿನಾ ನೋಡುತ್ತೇನೆ. ಉಸಿರು ನೋಡಿ ಏರಿಸಿ, ಉಸಿರು ನೋಡಿ ಇಳಿಸಿ ಎಂದು ಅವರಿಗೆ ಹೇಳಬೇಕೆನಿಸುತ್ತದೆ. ಕೇಳಿದವರಿಗೆ ಹೇಳಿದ್ದೂ ಇದೆ.

ಕೊನೆಯ ಐದು ನಿಮಿಷ ಮತ್ತೆ ನಿಧಾನ. ಇದನ್ನು ಬಿಡಬಾರದು. ನಡೆಯುವಾಗ ಕಾಲಿನ ರಕ್ತನಾಳ ಹಿಗ್ಗಿರುತ್ತವೆ, ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಇಳಿದ ಕೂಡಲೇ ನೆಲ ಜಾರಿದ ಹಾಗೆ ಅನ್ನಿಸುವುದು ಬೇರೆ, ಅದು ಕಣ್ಣಿಗೂ ಕಾಲಿಗೂ ಹೊಂದಾಣಿಕೆ ತಪ್ಪಿದ್ದರಿಂದ. ಅರ್ಧ ನಿಮಿಷ ಹಿಡಿದು ನಿಂತರೆ ಹೋಗುತ್ತದೆ. ಆದರೆ ಎದೆ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ಯಾವತ್ತಿಗಿಂತ ಬೇರೆ ಥರದ ಏದುಸಿರು, ತಣ್ಣನೆ ಬೆವರು ಇವು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಇರಬಹುದು ಎಂದು ಮನೆಯಲ್ಲಿ ಕೂರಬಾರದು. ನಮ್ಮ ಅಪ್ಪ ಹಾಗೆ ಕೂತಿದ್ದರು.

ಸಕ್ಕರೆ ಕಾಯಿಲೆಯವರಿಗೆ ಇನ್ನೂ ಸ್ವಲ್ಪ ಇದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ ನಡೆಯುತ್ತಿರುವಾಗಲೇ ಸಕ್ಕರೆ ಇಳಿದುಬಿಡಬಹುದು. ನನ್ನ ಡಾಕ್ಟರು 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹತ್ತಿ ಎಂದಿದ್ದಾರೆ. ಗ್ಲೂಕೋಸ್ ಪುಡಿ ಯಾವಾಗಲೂ ಹತ್ತಿರ ಇರುತ್ತದೆ. ಕೈ ನಡುಕ, ತಣ್ಣನೆ ಬೆವರು, ಮನಸ್ಸು ಮಂಕಾದ ಹಾಗೆ ಆದರೆ ಕಾಯುವುದಿಲ್ಲ. ನಡೆದು ಬಂದ ಮೇಲೆ ಪಾದ ನೋಡಿಕೊಳ್ಳುತ್ತೇನೆ. ಗುಳ್ಳೆ ಬಂದದ್ದು ಗೊತ್ತಾಗದೇ ಹುಣ್ಣಾಗುವುದು ನಮ್ಮಂಥವರಿಗೇ. ಮಳೆಗಾಲದಲ್ಲಿ ಸಾಕ್ಸ್ ಒಣಗುವುದಿಲ್ಲ, ಹಸಿ ಸಾಕ್ಸ್ ಹಾಕಿ ನಡೆಯಬೇಡಿ.

ಕರಾವಳಿಯ ಸೆಖೆಯನ್ನೂ ಲೆಕ್ಕ ಹಾಕಬೇಕು. ಹೊರಗೆ ನಡೆದರೆ ಎದುರು ಗಾಳಿ ಸಿಗುತ್ತದೆ. ಟ್ರೆಡ್‌ಮಿಲ್ ಮೇಲೆ ನಾವು ನಿಂತಲ್ಲೇ ಇರುತ್ತೇವೆ, ಗಾಳಿಯೂ ನಿಂತಲ್ಲೇ ಇರುತ್ತದೆ. ಇಲ್ಲಿನ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಎಂದರೆ ಬೆವರು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತದೆ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ, ಹೃದಯ ಬಡಿತ ತಾನಾಗಿ ಮೇಲೇರುತ್ತದೆ. ಎದುರಿಗೆ ಒಂದು ಫ್ಯಾನ್ ಇಟ್ಟುಕೊಳ್ಳುವುದು ದೊಡ್ಡ ಉಪಕಾರ. ಮೇ ತಿಂಗಳಲ್ಲಿ ಅದೇ ವೇಗಕ್ಕೆ ನಾಡಿ ಜಾಸ್ತಿ ಇದ್ದರೆ ವೇಗ ಇಳಿಸುತ್ತೇನೆ. ನಡಿಗೆ ಮುಗಿದ ಮೇಲೆ ನೀರು ಮಜ್ಜಿಗೆ, ಕೆಲವೊಮ್ಮೆ ಸಕ್ಕರೆ ಹಾಕದ ಮುರುಗಲ ಪಾನಕ. ಬಿಪಿ ಇರುವುದರಿಂದ ಉಪ್ಪು ಚಿಟಿಕೆಯಷ್ಟೇ.

ಎರಡನೇ ಮಳೆಗಾಲಕ್ಕೆ ಮನೆಗೇ ಯಂತ್ರ ತಂದೆವು. ಅಂಗಡಿಯವರು ಮೋಟಾರಿನ ಬಲ ಹೇಳುವಾಗ ಗರಿಷ್ಠ ಎಚ್‌ಪಿ ಹೇಳುತ್ತಾರೆ. ಕೇಳಬೇಕಾದದ್ದು ಸತತ ಎಷ್ಟು ಎಚ್‌ಪಿ ಕೊಡುತ್ತದೆ ಎಂದು. ಎಷ್ಟು ಕಿಲೋ ತೂಕದವರೆಗೆ ತಡೆಯುತ್ತದೆ, ಬೆಲ್ಟ್ ಎಷ್ಟು ಅಗಲ, ಏರು ಗುಂಡಿಯಿಂದ ಬರುತ್ತದೆಯೋ ಕೈಯಿಂದ ಎತ್ತಿಡಬೇಕೋ ಇವನ್ನೂ ಕೇಳಿ. ನಡೆದೇ ನೋಡಿ ತನ್ನಿ. ಅಂಗಡಿಯಲ್ಲಿ ಹತ್ತು ನಿಮಿಷ ನಡೆಯಲು ಬಿಡದಿದ್ದರೆ ಬೇರೆ ಅಂಗಡಿ ನೋಡಿ.

ಇಡುವ ಜಾಗ ನಾನು ಹಟ ಹಿಡಿದ ವಿಷಯ. ಹೆಚ್ಚಿನ ಮನೆಗಳಲ್ಲಿ ಟಿವಿ ಕಾಣಬೇಕೆಂದು ಹಿಂಭಾಗ ಗೋಡೆಗೆ ತಾಗಿಸಿ ಇಡುತ್ತಾರೆ. ಅದು ಅಪಾಯ. ಹಿಂದಕ್ಕೆ ಬಿದ್ದರೆ ಗೋಡೆಗೂ ತಿರುಗುವ ಬೆಲ್ಟ್‌ಗೂ ನಡುವೆ ಸಿಕ್ಕಿಕೊಳ್ಳುತ್ತೇವೆ, ಚರ್ಮ ಉಜ್ಜಿ ಸುಟ್ಟಂತಾಗುತ್ತದೆ. ಹಿಂದೆ ಎರಡು ಮೀಟರ್, ಅಕ್ಕಪಕ್ಕ ಅರ್ಧ ಮೀಟರ್ ಖಾಲಿ ಬಿಡಬೇಕು. ನಮ್ಮ ಕಾಜುಬಾಗದ ಮನೆಯ ಹಾಲ್ ಚಿಕ್ಕದು. ಸೋಫಾ ಒಂದನ್ನು ಮಗನ ಕೋಣೆಗೆ ಕಳಿಸಿದೆವು.

ಮಗಳು ಬಂದಾಗ ಮೊಮ್ಮಗು ಮನೆ ತುಂಬಾ ಓಡಾಡುತ್ತಾನೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಂಪನಿ ಸುಮಾರು 1,25,000 ಟ್ರೆಡ್‌ಮಿಲ್ ವಾಪಸ್ ಕರೆಸಿಕೊಂಡಿತು. ಯಂತ್ರದ ಹಿಂಬದಿ ಎಳೆದುಕೊಂಡು ಒಂದು ಮಗು ಸತ್ತಿತ್ತು. ಅದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ನಿಯಮ ಕಟ್ಟುನಿಟ್ಟು: ನಾನು ನಡೆಯುವಾಗ ಮಗು ಆ ಕೋಣೆಯಲ್ಲಿ ಇರುವುದಿಲ್ಲ, ನಡೆದಾದ ಮೇಲೆ ಪ್ಲಗ್ ಕಿತ್ತು ಸೇಫ್ಟಿ ಕೀಲಿಯನ್ನು ಕಪಾಟಿನಲ್ಲಿ ಇಡುತ್ತೇನೆ. ಕೀಲಿ ಇಲ್ಲದೆ ಯಂತ್ರ ಶುರು ಆಗುವುದಿಲ್ಲ.

ಕರೆಂಟಿನ ಬಗ್ಗೆ ಎಲೆಕ್ಟ್ರಿಷಿಯನ್ ಮಾತು ಕೇಳಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅರ್ತಿಂಗ್ ಸರಿ ಇರುವ ಪವರ್ ಪಾಯಿಂಟ್ ಬೇರೆಯೇ ಇರಲಿ, ಸ್ಟೆಬಿಲೈಜರ್ ಇರಲಿ. ಮನೆಯ ಇನ್ವರ್ಟರ್‌ಗೆ ಜೋಡಿಸಬಾರದು. ಗುಡುಗು ಮಿಂಚು ಇದ್ದರೆ ನಾನು ಹತ್ತುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ನಡೆಯುತ್ತಿರುವಾಗ ಹೋದರೆ ಬೆಲ್ಟ್ ಕಾಲ ಕೆಳಗೆ ಥಟ್ಟನೆ ತಡೆಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. 4.5ರ ನಡಿಗೆಯಲ್ಲಿ ಹ್ಯಾಂಡಲ್ ಹಿಡಿದು ನಿಂತರೆ ಮುಗಿಯಿತು. ಅದೇ 10ರಲ್ಲಿ ಓಡುತ್ತಿದ್ದರೆ ಎದುರಿನ ಕಂಬಿಗೆ ಎದೆ ಬಡಿಯಬಹುದು. ವೇಗಕ್ಕಿಂತ ಏರು ಒಳ್ಳೆಯದು ಎನ್ನಲು ನಮ್ಮ ಊರಲ್ಲಿ ಇದೂ ಒಂದು ಕಾರಣ. ಕರೆಂಟ್ ಹೋದಾಗ ಕತ್ತಲಲ್ಲಿ ಇಳಿಯಬೇಕಾಗದಂತೆ ಪಕ್ಕದಲ್ಲಿ ಒಂದು ಚಾರ್ಜಿಂಗ್ ಲೈಟ್ ಇಟ್ಟಿದ್ದೇನೆ. ಇಳಿದು ಸ್ವಿಚ್ ಆರಿಸಿ, ಕರೆಂಟ್ ಬಂದು ಸ್ಥಿರವಾದ ಮೇಲೆ ಮತ್ತೆ ಶುರು.

ಉಪ್ಪು ಗಾಳಿ ಕಬ್ಬಿಣ ತಿನ್ನುತ್ತದೆ ಎಂದು ಕಾರವಾರದಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು. ಕಡಲ ಕಡೆಯ ಕಿಟಕಿ ಹತ್ತಿರ ಯಂತ್ರ ಇಡಬೇಡಿ. ಬೆವರೂ ಉಪ್ಪೇ, ದಿನಾ ಒರೆಸಬೇಕು. ಬೆಲ್ಟ್‌ನ ಅಡಿ ಆಗಾಗ ಸಿಲಿಕೋನ್ ಎಣ್ಣೆ ಹಾಕಬೇಕು, ಎಷ್ಟು ದಿನಕ್ಕೊಮ್ಮೆ ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಇರುತ್ತದೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಬೆಲ್ಟ್ ಹಾಳು. ಬೆಲ್ಟ್ ಒಂದು ಬದಿಗೆ ಸರಿಯುತ್ತಿದ್ದರೆ ಹಿಂದಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ಸರಿ ಮಾಡಬಹುದು. ಹೆಜ್ಜೆಗೊಮ್ಮೆ ಜಾರಿದ ಹಾಗೆ ಆದರೆ ಅದರ ಮೇಲೆ ನಡೆಯುವುದು ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ. ನಾನು ವಾರದಲ್ಲಿ ಐದು ದಿನ ಅರ್ಧ ಗಂಟೆ ಹೀಗೆ ನಡೆಯುತ್ತೇನೆ. ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಸಮತಟ್ಟಿನಲ್ಲಿ ತೀರಾ ನಿಧಾನ ನಡೆಯುವುದೂ ಉಂಟು, ಊಟದ ನಂತರದ ಸಕ್ಕರೆ ಇಳಿಯಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು. ಹೋದ ಮಳೆಗಾಲ ಮುಗಿದಾಗ ಎಚ್‌ಬಿಎ1ಸಿ 7 ದಾಟಿರಲಿಲ್ಲ. ಶಾಲೆಯ ಎರಡನೇ ಮಹಡಿಗೆ ಹೋಗಿ ನಿಂತ ಕೂಡಲೇ ಪಾಠ ಶುರು ಮಾಡಲು ಆಗುತ್ತದೆ.

ಅಕ್ಟೋಬರಿನಲ್ಲಿ ಬೀಚು ಮರಳಿ ಸಿಗುತ್ತದೆ. ಟ್ರೆಡ್‌ಮಿಲ್‌ನಿಂದ ನೇರ ಮರಳಿಗೆ ಇಳಿದು ಒಂದು ಗಂಟೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮರಳಲ್ಲಿ ಪಾದ ಹೂಳುತ್ತದೆ, ತೀರ ಕಡಲ ಕಡೆ ಇಳಿಜಾರು ಬೇರೆ. ಒಂದೇ ದಿಕ್ಕಿಗೆ ನಡೆದರೆ ಒಂದು ಕಾಲಿಗೆ ಭಾರ ಜಾಸ್ತಿ. ಮೊದಲ ವಾರ ಗಟ್ಟಿ ಮರಳಲ್ಲಿ, ಸ್ವಲ್ಪ ಸ್ವಲ್ಪ, ಹೋದಷ್ಟೇ ದೂರ ವಾಪಸ್. ಯಂತ್ರ ಕೊಡದ್ದನ್ನು ಮರಳು ಕೊಡುತ್ತದೆ ಎಂಬುದೂ ನಿಜ. ಬೆಲ್ಟ್ ಸಮವಾಗಿರುತ್ತದೆ, ತಿರುವಿಲ್ಲ, ಇಳಿಜಾರಿಲ್ಲ, ಅದರ ಮೇಲೆ ತೋಲ ಕಾಯುವ ಅಭ್ಯಾಸ ಆಗುವುದಿಲ್ಲ. ನನಗೆ ಎರಡೂ ಬೇಕು.

ಈ ವರ್ಷ ಪಕ್ಕದ ಮನೆಯ ವೈನಿಯೂ ನಮ್ಮಲ್ಲಿ ಬಂದು ನಡೆಯುತ್ತಿದ್ದಾರೆ. ಅವರ ಯಜಮಾನರಿಗೂ ಆಸೆ. ಅವರಿಗೆ ಬಿಪಿಗೆ ಮೆಟೊಪ್ರೊಲಾಲ್ ಇದೆ. ಆ ಜಾತಿಯ ಗುಳಿಗೆ ಹೃದಯ ಬಡಿತವನ್ನು ತಗ್ಗಿಸಿ ಇಡುತ್ತದೆ. ಎಷ್ಟು ಶ್ರಮ ಪಟ್ಟರೂ ನಾಡಿ ಆ 220ರ ಲೆಕ್ಕಕ್ಕೆ ಏರುವುದಿಲ್ಲ. ಪರದೆಯ ಮೇಲೆ 95 ಕಂಡಿತು, ಇನ್ನೂ ಸಾಲದು ಎಂದು ವೇಗ ಏರಿಸುತ್ತಾ ಹೋದರೆ ಕಷ್ಟ. "ವೈನಿ, ಅವರಿಗೆ ನಾಡಿ ನೋಡಲು ಹೇಳಬೇಡಿ, ಮಾತಾಡಿಸ್ತಾ ಇರಿ" ಎಂದಿದ್ದೇನೆ. ಮಾತಾಡಿಸುವುದು ಅವರಿಗೆ ಕಷ್ಟವೇನಿಲ್ಲ. ಆದರೆ ಅದಕ್ಕೂ ಮೊದಲು ಡಾಕ್ಟರ ಒಪ್ಪಿಗೆ ಬೇಕು. ಮುಂದಿನ ವಾರ ಅವರ ಟಿಎಂಟಿ ಇದೆ. ರಿಪೋರ್ಟ್ ತಂದು ತೋರಿಸಿದ ಮೇಲೆ ಹತ್ತಲು, ಇಳಿಯಲು, ಕೀಲಿ ಸಿಕ್ಕಿಸಲು ನಾನೇ ಹೇಳಿಕೊಡುತ್ತೇನೆ.